ಓಟಕ್ಕೊಂದು ಕಣ: ಕುರಿ ಮೇಯುತ್ತಿದ್ದ ರನ್‌ವೇ ರೇಸಿನ ನೆಲೆಯಾದ ಕಥೆ

ಕಾರಹುಣ್ಣಿಮೆ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ರೈತರಿಗೆ ಎತ್ತುಗಳದೇ ಧ್ಯಾನ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಸುತ್ತಾರೆ. ಸಂಜೆ ಊರ ಅಗಸಿಯ ಮುಂದೆ ಎತ್ತು ಓಡಿಸಿ ಕರಿ ಹರಿಯುವುದು ಉತ್ತರ ಕರ್ನಾಟಕದ ಹಳೆಯ ಪದ್ಧತಿ. ಯಾವ ಬಣ್ಣದ ಎತ್ತು ಮೊದಲು ಕರಿ ಹರಿಯಿತು ಎಂಬುದರ ಮೇಲೆ ಆ ವರ್ಷದ ಬೆಳೆಯ ಭವಿಷ್ಯ ಹೇಳುವವರೂ ಇದ್ದಾರೆ. ಇದೇ ಹಬ್ಬದ ಹೊತ್ತಿಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜ ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುತ್ತವೆ. ಅದನ್ನು ನೋಡಲು ಜಿಲ್ಲೆಯ ಮೂಲೆಮೂಲೆಯಿಂದ ಜನ ಸೇರುತ್ತಾರೆ.

ಇಂಥ ಎಲ್ಲ ಸ್ಪರ್ಧೆಗಳಿಗೂ ಒಂದು ಕಣ ಇರುತ್ತದೆ. ಎತ್ತು ಎಲ್ಲಿಂದ ಎಲ್ಲಿಗೆ ಓಡಬೇಕು, ಜನ ಎಲ್ಲಿ ನಿಲ್ಲಬೇಕು, ತಪ್ಪಿದರೆ ಹಗ್ಗ ಯಾರು ಹಿಡಿಯಬೇಕು ಎಂಬುದು ಊರಿಗೆ ಮೊದಲೇ ಗೊತ್ತಿರುತ್ತದೆ. ಕರಾವಳಿಯ ಕೋಣಗಳಿಗೆ ಕಂಬಳದ ಕರೆ ಇದೆ. ಬೆಂಗಳೂರು, ಮೈಸೂರಿನ ಕುದುರೆಗಳಿಗೆ ರೇಸ್‌ಕೋರ್ಸು ಇದೆ. ಆದರೆ ಇಂದಿನ ಹುಡುಗರ ಕೈಗೆ ಬಂದಿರುವುದು ಎತ್ತಿನ ಮೂಗುದಾರವಲ್ಲ, ಮೋಟಾರ್‌ಸೈಕಲ್ಲಿನ ಹಿಡಿಕೆ. ತುಂಗಭದ್ರೆಯ ದಡದ ಮುಕ್ಕುಂದದಂಥ ಹಳ್ಳಿಯಲ್ಲೂ ಮನೆಗೊಂದು ಬೈಕು ಇರುವ ಕಾಲವಿದು. ಅದನ್ನು ಜೋರಾಗಿ ಓಡಿಸಬೇಕೆಂಬ ಆಸೆಗೆ ಕಣ ಯಾವುದು? ಡಾಂಬರು ರಸ್ತೆ, ಹೆದ್ದಾರಿ, ಇಲ್ಲವೇ ಕಾಲುವೆಯ ಮೇಲಿನ ದಾರಿ.

ಈ ಪ್ರಶ್ನೆ ಹೊಸದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನವರೂ ಇದೇ ಪ್ರಶ್ನೆಯ ಮುಂದೆ ನಿಂತಿದ್ದರು. ಅವರು ಕಂಡುಕೊಂಡ ಉತ್ತರವೇ ಇಂದು ಪ್ರತಿ ಜುಲೈನಲ್ಲಿ ಲಕ್ಷಾಂತರ ಜನರನ್ನು ಸಿಲ್ವರ್‌ಸ್ಟೋನ್ ಎಂಬ ಹಳ್ಳಿಗೆ ಎಳೆದು ತರುತ್ತಿದೆ. ಅಲ್ಲಿನ ಮೋಟಾರು ಓಟದ ಕಣಗಳು ಹುಟ್ಟಿದ್ದು ಹೇಗೆ, ಓಟ ನೋಡಲು ಹೋದವರು ಏನು ಕಾಣುತ್ತಾರೆ, ಅದಕ್ಕೂ ನಮಗೂ ಏನು ನಂಟು ಎಂಬುದನ್ನು ತಿಳಿಯುವುದು ಹಾಗಾಗಿ ಬರೀ ಕುತೂಹಲದ ಮಾತಲ್ಲ.

ರಸ್ತೆಯಲ್ಲಿ ಬೇಡವೆಂದಾಗ

ಮೋಟಾರು ಹುಟ್ಟಿದ ಕಾಲಕ್ಕೆ ಇಂಗ್ಲೆಂಡು ಅದನ್ನು ಸಂಶಯದಿಂದಲೇ ನೋಡಿತು. 1865ರ ಕಾಯ್ದೆಯ ಪ್ರಕಾರ ಯಂತ್ರದಿಂದ ಓಡುವ ಗಾಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರಲ್ಲಿ ಈ ಕಟ್ಟು ಸಡಿಲಾಯಿತು. 1903ರ ಮೋಟಾರು ಕಾಯ್ದೆ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರು ವೇಗದ ಮಿತಿ ಹಾಕಿತು. ಹೀಗಿರುವಾಗ ರಸ್ತೆಯಲ್ಲಿ ಪಂದ್ಯ ನಡೆಸುವ ಮಾತೆಲ್ಲಿ?

ಫ್ರಾನ್ಸಿನಲ್ಲಿ ಹಾಗಿರಲಿಲ್ಲ. ಅಲ್ಲಿ ಊರಿಂದೂರಿಗೆ ಸಾರ್ವಜನಿಕ ರಸ್ತೆಯಲ್ಲೇ ಪಂದ್ಯ ನಡೆಯುತ್ತಿತ್ತು. 1903ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್‌ಗೆ ಹೊರಟ ಓಟ ಇದರ ಪರಿಣಾಮವನ್ನು ತೋರಿಸಿಕೊಟ್ಟಿತು. ರಸ್ತೆಯ ಎರಡೂ ಬದಿ ಜನ ಕಿಕ್ಕಿರಿದಿದ್ದರು. ಧೂಳಿನಲ್ಲಿ ಮುಂದಿನ ದಾರಿ ಕಾಣುತ್ತಿರಲಿಲ್ಲ. ಚಾಲಕರೂ ಸತ್ತರು, ನೋಡಲು ನಿಂತವರೂ ಸತ್ತರು. ಸರ್ಕಾರ ಓಟವನ್ನು ಬೋರ್ಡೋ ನಗರದಲ್ಲೇ ತಡೆದು ನಿಲ್ಲಿಸಿತು. ಅದೇ ವರ್ಷ ಬ್ರಿಟನ್ನಿನ ಪಾಳಿಗೆ ಬಂದ ಗಾರ್ಡನ್ ಬೆನೆಟ್ ಕಪ್ ಪಂದ್ಯವನ್ನು ಇಂಗ್ಲೆಂಡಿನ ರಸ್ತೆಯಲ್ಲಿ ನಡೆಸಲಾಗದೆ, ವಿಶೇಷ ಕಾನೂನು ಮಾಡಿ ಐರ್ಲೆಂಡಿನಲ್ಲಿ ನಡೆಸಬೇಕಾಯಿತು.

ಆಗ ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರ ತನ್ನ ಸ್ವಂತ ನೆಲದಲ್ಲೇ ಒಂದು ಓಟದ ದಾರಿ ಕಟ್ಟಿಸಲು ಮುಂದಾದ. ಲಂಡನ್ನಿನ ಹತ್ತಿರ, ವೇಬ್ರಿಜ್ ಎಂಬಲ್ಲಿ 1907ರ ಜೂನ್‌ನಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್, ಮೋಟಾರು ಓಟಕ್ಕೆಂದೇ ಕಟ್ಟಿದ ಜಗತ್ತಿನ ಮೊದಲ ಕಣ ಎಂದು ಹೆಸರಾಗಿದೆ. ಸುತ್ತಳತೆ ಎರಡೂಮುಕ್ಕಾಲು ಮೈಲಿ, ಅಗಲ ನೂರು ಅಡಿ, ಪೂರಾ ಕಾಂಕ್ರೀಟು. ವೇಗವಾಗಿ ಬಂದ ಕಾರು ತಿರುವಿನಲ್ಲಿ ಹೊರಗೆ ಜಾರದಂತೆ ದಾರಿಯನ್ನು ಬಾಣಲೆಯ ಅಂಚಿನಂತೆ ಎತ್ತರಿಸಲಾಗಿತ್ತು. ಆ ದಂಡೆ ಕೆಲವೆಡೆ ಮೂವತ್ತು ಅಡಿಗೆ ಸಮೀಪ ಇತ್ತು.

ಮೋಟಾರು ಓಟಕ್ಕೆ ಆಗ ತನ್ನದೇ ಆದ ರೀತಿ ರಿವಾಜುಗಳಿರಲಿಲ್ಲ. ಹಾಗಾಗಿ ಬ್ರೂಕ್‌ಲ್ಯಾಂಡ್ಸ್ ಕುದುರೆ ಪಂದ್ಯದಿಂದ ಎಲ್ಲವನ್ನೂ ಎರವಲು ತಂದಿತು. ಮೊದಮೊದಲು ಕಾರುಗಳಿಗೆ ಸಂಖ್ಯೆಯೇ ಇರಲಿಲ್ಲ. ಕುದುರೆ ಸವಾರರಂತೆ ಚಾಲಕರು ಬಣ್ಣಬಣ್ಣದ ಅಂಗಿ ತೊಡುತ್ತಿದ್ದರು. ಕುದುರೆ ಕಟ್ಟುವ ಅಂಗಳಕ್ಕಿದ್ದ ಪ್ಯಾಡಕ್ ಎಂಬ ಹೆಸರು ಕಾರುಗಳ ಅಂಗಳಕ್ಕೂ ಬಂತು. ಇಂದಿಗೂ ಫಾರ್ಮುಲಾ ಒನ್ ಪಂದ್ಯದಲ್ಲಿ ಆ ಹೆಸರೇ ಉಳಿದಿದೆ.

ಕಣ ತೆರೆದ ಕೆಲವೇ ದಿನಗಳಲ್ಲಿ ಎಸ್.ಎಫ್. ಎಡ್ಜ್ ಎಂಬ ಚಾಲಕ ನೇಪಿಯರ್ ಕಾರಿನಲ್ಲಿ 24 ಗಂಟೆ ಒಬ್ಬನೇ ಓಡಿಸಿ, ಗಂಟೆಗೆ ಸರಾಸರಿ 106 ಕಿಲೋಮೀಟರು ಸಾಧಿಸಿದ. ರಾತ್ರಿ ದಾರಿ ಕಾಣಲೆಂದು ಕೆಂಪು ಲಾಂದ್ರಗಳನ್ನು ಸಾಲಾಗಿ ಇಟ್ಟಿದ್ದರಂತೆ. ಆದರೆ ಸುತ್ತಲಿನ ನಿವಾಸಿಗಳು ಸುಮ್ಮನಿರಲಿಲ್ಲ. ಸದ್ದಿನ ವಿರುದ್ಧ ಕೋರ್ಟಿಗೆ ಹೋದರು. ರಾತ್ರಿ ಓಟ ನಿಂತಿತು. ಮುಂದೆ ಕಾರುಗಳಿಗೆ ಸದ್ದು ಅಡಗಿಸುವ ಡಬ್ಬಿ ಕಡ್ಡಾಯವಾಯಿತು. ಓಡುವವನ ಹಕ್ಕು, ಪಕ್ಕದ ಮನೆಯವನ ನಿದ್ದೆ, ಇವೆರಡರ ನಡುವಿನ ಜಗಳ ಮೊದಲ ಕಣದಷ್ಟೇ ಹಳೆಯದು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರೂಕ್‌ಲ್ಯಾಂಡ್ಸ್ ವಿಮಾನ ತಯಾರಿಕೆಗೆ ಮೀಸಲಾಯಿತು. ಮತ್ತೆ ಅಲ್ಲಿ ಓಟ ನಡೆಯಲಿಲ್ಲ. ಆ ದಂಡೆಯ ಒಂದಿಷ್ಟು ಭಾಗ ಇವತ್ತು ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಉಳಿದುಕೊಂಡಿದೆ.

ಯುದ್ಧ ಬಿಟ್ಟುಹೋದ ನೆಲ

ಯುದ್ಧ ಒಂದು ಕಣವನ್ನು ಕಸಿದುಕೊಂಡಿತಾದರೂ ಹತ್ತಾರು ಹೊಸ ಕಣಗಳಿಗೆ ನೆಲ ಸಿದ್ಧ ಮಾಡಿಟ್ಟಿತ್ತು. ಬಾಂಬರು ವಿಮಾನಗಳಿಗಾಗಿ ಇಂಗ್ಲೆಂಡಿನ ಹೊಲಗದ್ದೆಗಳ ನಡುವೆ ನೂರಾರು ವಿಮಾನ ನಿಲ್ದಾಣಗಳು ಎದ್ದಿದ್ದವು. ಹೆಚ್ಚಿನವುಗಳಲ್ಲಿ ಮೂರು ರನ್‌ವೇ, ಅವುಗಳ ಸುತ್ತ ವಿಮಾನ ಎಳೆದೊಯ್ಯಲು ಒಂದು ವರ್ತುಲ ದಾರಿ. ಯುದ್ಧ ಮುಗಿದ ಮೇಲೆ ಇವು ಯಾರಿಗೂ ಬೇಡವಾಗಿ ಬಿದ್ದುಕೊಂಡವು. ಸಿಲ್ವರ್‌ಸ್ಟೋನ್ ಅಂಥದೊಂದು. 1943ರಲ್ಲಿ ತೆರೆದ ಆ ನಿಲ್ದಾಣದಲ್ಲಿ ವೆಲಿಂಗ್ಟನ್ ಬಾಂಬರುಗಳ ಸಿಬ್ಬಂದಿಗೆ ತರಬೇತಿ ನಡೆಯುತ್ತಿತ್ತು.

1947ರ ಸೆಪ್ಟೆಂಬರಿನಲ್ಲಿ ಅದೇ ಹಳ್ಳಿಯ ಮಾರಿಸ್ ಗೇಗನ್ ಎಂಬಾತ ಕೆಲವು ಗೆಳೆಯರನ್ನು ಕಟ್ಟಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ಆ ಪಾಳು ರನ್‌ವೇ ಮೇಲೆ ಕಾರು ಓಡಿಸಿದ. ಅಲ್ಲಿ ಕುರಿಗಳು ಮೇಯುತ್ತಿದ್ದವು. ಒಂದು ಕುರಿ ಅಡ್ಡ ಬಂತು. ಗೇಗನ್ನನ ಕಾರಿಗೆ ಸಿಕ್ಕಿ ಕುರಿ ಸತ್ತಿತು, ಕಾರೂ ಕೆಲಸಕ್ಕೆ ಬಾರದಾಯಿತು. ಸಿಲ್ವರ್‌ಸ್ಟೋನಿನ ಈ ಮೊದಲ ಓಟಕ್ಕೆ ಅಂದಿನಿಂದ 'ಕುರಿಮಾಂಸದ ಗ್ರ್ಯಾನ್ ಪ್ರಿ' ಎಂಬ ಅಡ್ಡಹೆಸರು.

ಮರುವರ್ಷ ರಾಯಲ್ ಆಟೊಮೊಬೈಲ್ ಕ್ಲಬ್ ಆ ನೆಲವನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆಯಿತು. ಜೇಮ್ಸ್ ಬ್ರೌನ್ ಎಂಬುವರನ್ನು ಮೂರು ತಿಂಗಳ ಮಟ್ಟಿಗೆ ನೇಮಿಸಿ, ಎರಡು ತಿಂಗಳೊಳಗೆ ಓಟದ ದಾರಿ ಸಿದ್ಧಪಡಿಸಲು ಹೇಳಿತು. ಮೂರು ತಿಂಗಳಿಗೆಂದು ಬಂದ ಬ್ರೌನ್ ಸುಮಾರು ನಲವತ್ತು ವರ್ಷ ಅಲ್ಲೇ ಕೆಲಸ ಮಾಡಿ, ಸೇವೆಯಲ್ಲಿರುವಾಗಲೇ ತೀರಿಕೊಂಡರು. 1948ರ ಅಕ್ಟೋಬರ್ 2ರಂದು ನಡೆದ ಮೊದಲ ಅಂತರರಾಷ್ಟ್ರೀಯ ಓಟಕ್ಕೆ ಸುಮಾರು ಒಂದು ಲಕ್ಷ ಜನ ಸೇರಿದ್ದರೆಂದು ಅಂದಾಜು. ದಾರಿಯ ಅಂಚಿಗೆ ಹುಲ್ಲಿನ ಪಿಂಡಿಗಳೇ ಗಡಿ. ಎರಡು ರನ್‌ವೇಗಳ ಮೇಲೆ ಕಾರುಗಳು ಎದುರುಬದುರಾಗಿ ಬರುತ್ತಿದ್ದುದರಿಂದ, ಚಾಲಕರು ಒಬ್ಬರನ್ನೊಬ್ಬರು ನೋಡಿ ಗಾಬರಿಯಾಗದಂತೆ ನಡುವೆ ಕ್ಯಾನ್ವಾಸಿನ ಪರದೆ ಕಟ್ಟಿದ್ದರು. ಇಟಲಿಯ ಲುಯಿಜಿ ವಿಲ್ಲೊರೇಸಿ ಮಸೆರಾಟಿ ಕಾರಿನಲ್ಲಿ ಗೆದ್ದ. ಮುಂದಿನ ವರ್ಷದಿಂದ ರನ್‌ವೇ ಬಿಟ್ಟು ಸುತ್ತಲಿನ ವರ್ತುಲ ದಾರಿಯಲ್ಲೇ ಓಟ ನಡೆಯತೊಡಗಿತು.

1950ರ ಮೇ 13 ಮೋಟಾರು ಓಟದ ಚರಿತ್ರೆಯಲ್ಲಿ ದೊಡ್ಡ ದಿನ. ಇಂದು ನಾವು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಎನ್ನುವುದರ ಮೊಟ್ಟಮೊದಲ ಪಂದ್ಯ ಅಂದು ಸಿಲ್ವರ್‌ಸ್ಟೋನಿನಲ್ಲಿ ನಡೆಯಿತು. ದೊರೆ ಆರನೇ ಜಾರ್ಜ್ ಕುಟುಂಬ ಸಮೇತ ಬಂದಿದ್ದ. ಆಲ್ಫಾ ರೋಮಿಯೊ ಕಾರಿನ ಜುಸೆಪ್ಪೆ ಫರೀನಾ ಗೆದ್ದು, ಆ ವರ್ಷದ ವಿಶ್ವ ಚಾಂಪಿಯನ್ನೂ ಆದ.

ಸಸೆಕ್ಸ್ ಪ್ರಾಂತದ ಗುಡ್‌ವುಡ್ಡಿನದೂ ಇದೇ ಕಥೆ. ರಿಚ್ಮಂಡಿನ ಡ್ಯೂಕ್ ತನ್ನ ಜಮೀನಿನಲ್ಲಿದ್ದ ಯುದ್ಧ ವಿಮಾನಗಳ ನಿಲ್ದಾಣದ ವರ್ತುಲ ದಾರಿಯನ್ನು 1948ರ ಸೆಪ್ಟೆಂಬರ್ 18ರಂದು ಓಟಕ್ಕೆ ತೆರೆದ. ಆ ದಿನ ಗೆದ್ದವರಲ್ಲಿ ಒಬ್ಬ, ಹಿಂದಿನ ದಿನವಷ್ಟೇ ಹತ್ತೊಂಬತ್ತು ತುಂಬಿದ್ದ ಸ್ಟರ್ಲಿಂಗ್ ಮಾಸ್. ಮುಂದೆ ಬ್ರಿಟನ್ನಿನ ಅತಿ ಜನಪ್ರಿಯ ಚಾಲಕನಾದ ಮಾಸ್‌ನ ಓಟದ ಬದುಕು ಮುಗಿದದ್ದೂ ಗುಡ್‌ವುಡ್ಡಿನಲ್ಲೇ. 1962ರ ಈಸ್ಟರ್ ಸೋಮವಾರ ಅಲ್ಲಿ ಆದ ಅಪಘಾತದಿಂದ ಆತ ಬದುಕಿ ಉಳಿದನಾದರೂ ಹಳೆಯ ಚುರುಕು ಮರಳಲಿಲ್ಲ. ಕಾರುಗಳ ವೇಗ ಕಣದ ಶಕ್ತಿಯನ್ನು ಮೀರಿದಾಗ, 1966ರಲ್ಲಿ ಡ್ಯೂಕ್ ಅಲ್ಲಿ ಓಟವನ್ನೇ ನಿಲ್ಲಿಸಿಬಿಟ್ಟ. ಸ್ನೆಟರ್ಟನ್, ಥ್ರಕ್ಸ್‌ಟನ್, ಕ್ಯಾಸಲ್ ಕೂಂಬ್ ಇವೂ ವಿಮಾನ ನಿಲ್ದಾಣಗಳಾಗಿದ್ದ ಕಣಗಳೇ.

ಮೋಟಾರು ಓಟದಲ್ಲಿ ಬ್ರಿಟನ್ ಮುಂದೆ ಬರಲು ಈ ನೆಲವೇ ಒಂದು ಮುಖ್ಯ ಕಾರಣ. ಮೆಕ್ಯಾನಿಕ್ ಒಬ್ಬ ಗ್ಯಾರೇಜಿನಲ್ಲಿ ಕಾರು ಕಟ್ಟಿ, ಭಾನುವಾರ ಅದನ್ನು ಹತ್ತಿರದ ಹಳೆಯ ರನ್‌ವೇ ಮೇಲೆ ಓಡಿಸಿ ನೋಡಬಹುದಿತ್ತು. ಹಾಗೆ ಬೆಳೆದ ಗ್ಯಾರೇಜುಗಳೇ ಕಾರ್ಖಾನೆಗಳಾದವು. ಇಂದು ಫಾರ್ಮುಲಾ ಒನ್ ತಂಡಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಅದೇ ಆಸುಪಾಸಿನಲ್ಲಿ ನೆಲೆ ನಿಂತಿವೆ.

ತಿರುವುಗಳಲ್ಲಿ ಉಳಿದ ಊರು

ಸಿಲ್ವರ್‌ಸ್ಟೋನಿನ ತಿರುವುಗಳ ಹೆಸರುಗಳನ್ನು ಕೇಳಿದರೆ ನೆಲದ ಇತಿಹಾಸವೇ ಕೇಳಿದಂತೆ. ಬೆಕೆಟ್ಸ್ ಮತ್ತು ಚಾಪೆಲ್ ಎಂಬ ತಿರುವುಗಳು ಅಲ್ಲಿದ್ದ ಸಂತ ಥಾಮಸ್ ಬೆಕೆಟ್‌ನ ಹಳೆಯ ಪ್ರಾರ್ಥನಾ ಮಂದಿರವನ್ನು ನೆನಪಿಸುತ್ತವೆ. ಅಬ್ಬಿ ಎಂಬುದು ಲಫೀಲ್ಡಿನ ಪುರಾತನ ಮಠದಿಂದ ಬಂದದ್ದು. ಕಾಪ್ಸ್ ಎಂದರೆ ಪಕ್ಕದ ಕುರುಚಲು ತೋಪು. ಸ್ಟೋ ಎಂಬುದು ನೆರೆಯ ಶಾಲೆಯ ಹೆಸರು. ವಿಮಾನದ ಕೊಟ್ಟಿಗೆಗಳಿದ್ದ ಕಡೆಯ ನೇರ ದಾರಿ ಹ್ಯಾಂಗರ್ ಸ್ಟ್ರೇಟ್. ಇನ್ನೊಂದು ನೇರ ದಾರಿಗೆ ಬಾಂಬರು ವಿಮಾನದ ನೆನಪಿಗೆ ವೆಲಿಂಗ್ಟನ್ ಎಂದು ಹೆಸರು. ನಮ್ಮಲ್ಲಿ ಹೊಲಗಳಿಗೆ ಹುಣಸಿಮರದ ಹೊಲ, ಗುಡಿ ಹೊಲ ಎಂದು ಕರೆಯುತ್ತೇವಲ್ಲ, ಅದೇ ರೀತಿ. ಜಗತ್ತಿನ ಅತಿ ವೇಗದ ಕಾರುಗಳು ಒಂದು ಹಳ್ಳಿಯ ಹೊಲಗಳ ಹೆಸರು ಹೊತ್ತ ತಿರುವುಗಳಲ್ಲಿ ಓಡುತ್ತವೆ.

ನೋಡಲು ಹೋದವರಿಗೆ ಕಾಣುವುದೇನು

ಟಿವಿಯಲ್ಲಿ ಓಟ ನೋಡಿದವರು ಕಣಕ್ಕೆ ಹೋದರೆ ಮೊದಲು ನಿರಾಶೆಯಾಗುವುದುಂಟು. ಇಂದಿನ ಸಿಲ್ವರ್‌ಸ್ಟೋನ್ ದಾರಿಯ ಉದ್ದ 5.891 ಕಿಲೋಮೀಟರು. ಅಷ್ಟು ದೊಡ್ಡ ಬಯಲಿನಲ್ಲಿ ಪ್ರೇಕ್ಷಕನಿಗೆ ಕಾಣುವುದು ಒಂದೋ ಎರಡೋ ತಿರುವು ಮಾತ್ರ. ಒಂದು ಸುತ್ತಿಗೆ ಸುಮಾರು ಒಂದೂವರೆ ನಿಮಿಷ. 52 ಸುತ್ತಿನ ಪಂದ್ಯದಲ್ಲಿ ನಿಮ್ಮ ಮೆಚ್ಚಿನ ಚಾಲಕ ಐವತ್ತೆರಡು ಸಲ ಕಣ್ಣ ಮುಂದೆ ಹಾದುಹೋಗುತ್ತಾನೆ, ಪ್ರತಿ ಸಲವೂ ಕೆಲವೇ ಸೆಕೆಂಡು. ಉಳಿದ ಹೊತ್ತು ಧ್ವನಿವರ್ಧಕದ ವೀಕ್ಷಕ ವಿವರಣೆ, ದೊಡ್ಡ ಪರದೆ, ಪಕ್ಕದವರ ಲೆಕ್ಕಾಚಾರ.

ಆದರೆ ಟಿವಿಯಲ್ಲಿ ಸಿಗದ ಒಂದು ಸಂಗತಿ ಅಲ್ಲಿದೆ: ವೇಗದ ನಿಜವಾದ ಅಳತೆ. ಕಾಪ್ಸ್ ತಿರುವಿನಲ್ಲಿ ಕಾರುಗಳು ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ತಿರುಗುತ್ತವೆ. ಪರದೆಯ ಮೇಲೆ ಇದು ಸಲೀಸಾಗಿ ಕಾಣುತ್ತದೆ, ಏಕೆಂದರೆ ಕ್ಯಾಮೆರಾ ಕಾರಿನ ಜೊತೆಗೇ ತಿರುಗುತ್ತದೆ. ಬೇಲಿಯ ಪಕ್ಕ ನಿಂತವನ ಕುತ್ತಿಗೆ ಅಷ್ಟು ಬೇಗ ತಿರುಗುವುದಿಲ್ಲ. ಕಾರು ಬರುವ ಸದ್ದು, ಹಾದುಹೋಗುವ ಗಾಳಿ, ಸುಟ್ಟ ರಬ್ಬರಿನ ವಾಸನೆ ಇವೆಲ್ಲ ಸೇರಿ, ಇಷ್ಟು ವೇಗದಲ್ಲಿ ಮನುಷ್ಯನೊಬ್ಬ ನಿರ್ಧಾರ ತೆಗೆದುಕೊಳ್ಳುತ್ತಿದ್ದಾನೆ ಎಂಬ ಅರಿವು ಆಗ ಮೂಡುತ್ತದೆ.

ಓಟದ ಭಾಷೆ ಬಾವುಟಗಳದು. ಹಳದಿ ಎಂದರೆ ಮುಂದೆ ಅಪಾಯವಿದೆ, ನಿಧಾನ ಮಾಡು, ಯಾರನ್ನೂ ಹಿಂದಿಕ್ಕಬೇಡ. ನೀಲಿ ಎಂದರೆ ಹಿಂದಿನಿಂದ ಒಂದು ಸುತ್ತು ಮುಂದಿರುವವನು ಬರುತ್ತಿದ್ದಾನೆ, ದಾರಿ ಬಿಡು. ಕೆಂಪು ಬಂದರೆ ಓಟವೇ ನಿಂತಿತು. ಕಪ್ಪು ಬಿಳಿ ಚೌಕುಳಿ ಬಂದರೆ ಮುಗಿಯಿತು. ಈ ಬಾವುಟ ಹಿಡಿದು, ಕಿತ್ತಳೆ ಬಣ್ಣದ ಉಡುಪು ತೊಟ್ಟು ತಿರುವು ತಿರುವಿನಲ್ಲಿ ನಿಂತಿರುವ ಮಾರ್ಷಲ್‌ಗಳು ಸಂಬಳದವರಲ್ಲ, ಸ್ವಯಂಸೇವಕರು. ಬೇರೆ ಕೆಲಸ ಮಾಡಿಕೊಂಡಿರುವ ಇವರು ತರಬೇತಿ ಪಡೆದು, ರಜೆ ಹಾಕಿ ಬಂದು, ಮಳೆ ಬಿಸಿಲೆನ್ನದೆ ನಿಲ್ಲುತ್ತಾರೆ. ಜಾತ್ರೆಯ ತೇರಿನ ಗಾಲಿಗೆ ಸನ್ನೆ ಕೊಡುವವರಿಗೆ ಯಾರೂ ಕೂಲಿ ಕೊಡುವುದಿಲ್ಲ. ಆದರೆ ಅವರಿಲ್ಲದೆ ತೇರು ಹೊರಡುವುದಿಲ್ಲ. ಮಾರ್ಷಲ್‌ಗಳ ಸ್ಥಾನವೂ ಅಂಥದೇ.

ಜಾತ್ರೆಯ ಹೋಲಿಕೆ ಇಷ್ಟಕ್ಕೇ ಮುಗಿಯದು. 2023ರ ಪಂದ್ಯಕ್ಕೆ ಎಲ್ಲ ದಿನಗಳೂ ಸೇರಿ 4,80,000 ಜನ ಬಂದರೆಂದು ಸಂಘಟಕರು ಲೆಕ್ಕ ಕೊಟ್ಟರು. ಸುತ್ತಲಿನ ಹೊಲಗಳು ಡೇರೆಗಳ ಊರಾಗುತ್ತವೆ. ತಾತನಿಂದ ಮೊಮ್ಮಗನವರೆಗೆ ಮೂರು ತಲೆಮಾರು ಒಟ್ಟಿಗೆ ಬರುವ ಕುಟುಂಬಗಳುಂಟು. ಹೊಲವೆಂದ ಮೇಲೆ ಕೆಸರೂ ತಪ್ಪದು. 2000ನೇ ವರ್ಷದಲ್ಲಿ ಜುಲೈ ಬದಲು ಏಪ್ರಿಲ್‌ನಲ್ಲಿ ಪಂದ್ಯ ಇಟ್ಟರು. ಮಳೆ ಹಿಡಿಯಿತು. ವಾಹನ ನಿಲ್ಲಿಸುವ ಹೊಲಗಳು ಕೆಸರುಗದ್ದೆಯಾಗಿ, ಶನಿವಾರ ಜನ ಕಾರು ತರಬೇಡಿ ಎಂದು ಸಂಘಟಕರೇ ಹೇಳಬೇಕಾಯಿತು. ಮಳೆಗಾಲದಲ್ಲಿ ಎರೆ ಹೊಲಕ್ಕೆ ಬಂಡಿ ಇಳಿಸಿದವರಿಗೆ ಆ ಪಾಡು ಬಿಡಿಸಿ ಹೇಳಬೇಕಿಲ್ಲ.

ಜನ ಮತ್ತು ಕಾರಿನ ನಡುವಿನ ಅಂತರ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಬಂದಿದೆ. ಇದರ ಹಿಂದೆ ಕಹಿ ಪಾಠಗಳಿವೆ. 1955ರಲ್ಲಿ ಫ್ರಾನ್ಸಿನ ಲ ಮಾನ್ ಓಟದಲ್ಲಿ ಕಾರೊಂದು ಜನರ ಮೇಲೆ ಹಾರಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. 1973ರಲ್ಲಿ ಸಿಲ್ವರ್‌ಸ್ಟೋನಿನ ವುಡ್‌ಕೋಟ್ ತಿರುವಿನಲ್ಲಿ ಒಂದು ಕಾರು ಗಿರಕಿ ಹೊಡೆದು, ಹಿಂದಿನವು ಒಂದರ ಮೇಲೊಂದು ನುಗ್ಗಿದವು. ಎರಡು ವರ್ಷದಲ್ಲಿ ಅಲ್ಲಿ ವೇಗ ತಗ್ಗಿಸುವ ಅಂಕುಡೊಂಕು ಬಂತು. ಹುಲ್ಲಿನ ಪಿಂಡಿಯ ಜಾಗಕ್ಕೆ ಉಕ್ಕಿನ ಬೇಲಿ, ಟೈರಿನ ಗೋಡೆ, ಕಾರು ಹೂತು ನಿಲ್ಲುವಂತೆ ಹರಡಿದ ಗರಸು, ಆಸ್ಪತ್ರೆ, ಹೆಲಿಕಾಪ್ಟರು ಒಂದೊಂದಾಗಿ ಬಂದವು. 2021ರಲ್ಲಿ ಮ್ಯಾಕ್ಸ್ ವರ್‌ಸ್ಟಾಪೆನ್‌ನ ಕಾರು ಕಾಪ್ಸ್ ತಿರುವಿನಲ್ಲಿ ದಾರಿ ಬಿಟ್ಟು ಟೈರಿನ ಗೋಡೆಗೆ ಅಪ್ಪಳಿಸಿದರೂ ಆತ ಎದ್ದು ನಡೆದು ಬಂದ. ಆ ಗೋಡೆಯ ಹಿಂದೆ ನಿಂತಿದ್ದ ಸಾವಿರಾರು ಜನರಲ್ಲಿ ಯಾರಿಗೂ ಏನೂ ಆಗಲಿಲ್ಲ.

ಹಳೆಯ ಕಾಲದ ಓಟ ಹೇಗಿತ್ತೆಂದು ನೋಡಬೇಕೆನ್ನುವವರಿಗೆ ಗುಡ್‌ವುಡ್ ಇದೆ. ಮೊದಲ ಓಟ ನಡೆದು ಸರಿಯಾಗಿ ಐವತ್ತು ವರ್ಷಕ್ಕೆ, 1998ರ ಸೆಪ್ಟೆಂಬರ್ 18ರಂದು, ಡ್ಯೂಕ್‌ನ ಮೊಮ್ಮಗ ಅದನ್ನು ಮತ್ತೆ ತೆರೆದರು. 1966ರವರೆಗಿನ ಕಾಲದ ಕಾರುಗಳು, ಅದೇ ಹಳೆಯ ದಾರಿ. ಪ್ರೇಕ್ಷಕರೂ ಆ ಕಾಲದ ಉಡುಪು ತೊಟ್ಟೇ ಬರುತ್ತಾರೆ. ಇಂದಿನ ಕಾರು ಹೊರಗಡೆ ನಿಲ್ಲಬೇಕು. ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಓಡಿಸಿಯೇ ಉಳಿಸುವ ರೀತಿ ಇದು.

ಕನ್ನಡನಾಡಿನ ನಂಟು

ಸಿಲ್ವರ್‌ಸ್ಟೋನ್ ಕಣದ ಹೆಬ್ಬಾಗಿಲ ಎದುರಿಗೇ ಒಂದು ಕಾರ್ಖಾನೆಯಿದೆ. 2008ರಿಂದ 2018ರವರೆಗೆ ಅದರ ಮೇಲೆ ಫೋರ್ಸ್ ಇಂಡಿಯಾ ಎಂಬ ಹೆಸರಿತ್ತು. ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ 2007ರಲ್ಲಿ ಡಚ್ ಪಾಲುದಾರನೊಡನೆ ಕೊಂಡ ತಂಡ ಅದು. 2009ರ ಆಗಸ್ಟ್‌ನಲ್ಲಿ ಬೆಲ್ಜಿಯಂ ಪಂದ್ಯದಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವನಾಗಿ ಬಂದಾಗ ಜಗತ್ತು ಬೆರಗಾಯಿತು. 2016, 2017ರಲ್ಲಿ ತಂಡ ನಾಲ್ಕನೇ ಸ್ಥಾನಕ್ಕೇರಿತು. ಅಷ್ಟರಲ್ಲಿ ಮಲ್ಯ ಸಾಲದ ಪ್ರಕರಣದಲ್ಲಿ ದೇಶ ಬಿಟ್ಟಿದ್ದರು. 2018ರ ಆಗಸ್ಟ್‌ನಲ್ಲಿ ತಂಡ ಬೇರೆಯವರ ಪಾಲಾಯಿತು. ಈಗ ಆ ಜಾಗದಲ್ಲಿ ಆಸ್ಟನ್ ಮಾರ್ಟಿನ್ ತಂಡವಿದೆ. ಹೆಸರಿನಲ್ಲಿ ಇಂಡಿಯಾ ಇದ್ದರೂ ಆ ಹನ್ನೊಂದು ವರ್ಷಗಳಲ್ಲಿ ಯಾವ ಭಾರತೀಯನೂ ಅದರ ಕಾರಿನಲ್ಲಿ ಗ್ರ್ಯಾನ್ ಪ್ರಿ ಓಡಲಿಲ್ಲ.

ಮಲ್ಯ ಸ್ವತಃ ಓಟದ ರುಚಿ ಕಂಡದ್ದು ಶೋಳಾವರಂನಲ್ಲಿ. ಮದರಾಸಿನ ಉತ್ತರಕ್ಕಿದ್ದ ಅದೂ ಯುದ್ಧಕಾಲದ ಒಂದು ವಿಮಾನ ನಿಲ್ದಾಣವೇ. 1950ರ ದಶಕದಿಂದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ಓಟ ನಡೆಸುತ್ತಿತ್ತು. 1980ರ ದಶಕದ ಆರಂಭದಲ್ಲಿ ಮಲ್ಯ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ತಂದು ಆ ರನ್‌ವೇ ಮೇಲೆ ಓಡಿಸಿದ್ದು ಹಳಬರಿಗೆ ನೆನಪಿದೆ. ಮದರಾಸಿನ ಕ್ಲಬ್ ಅಷ್ಟಕ್ಕೇ ನಿಲ್ಲಲಿಲ್ಲ. ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ ಸ್ವಂತ ಜಾಗ ಮಾಡಿಕೊಂಡು 1990ರಲ್ಲಿ ಶಾಶ್ವತ ಕಣ ತೆರೆಯಿತು. 2003ರಲ್ಲಿ ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಬಂತು. ಫಾರ್ಮುಲಾ ಒನ್ ಓಡಿದ ಇಬ್ಬರು ಭಾರತೀಯರಲ್ಲಿ ನಾರಾಯಣ್ ಕಾರ್ತಿಕೇಯನ್ ಕೊಯಮತ್ತೂರಿನವರು, ಕರುಣ್ ಚಾಂಧೋಕ್ ಚೆನ್ನೈಯವರು. ಕಣ ಇದ್ದ ಕಡೆಯಿಂದಲೇ ಚಾಲಕರು ಬಂದದ್ದು ಬರೀ ಕಾಕತಾಳೀಯವಾಗಿರಲಾರದು.

ಕರ್ನಾಟಕದ ಹುಡುಗರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಯಲ್ಲಿ ಎರಡನೆಯವರಾದರು. ಅವರ ಮುಂದಿದ್ದವನು ಇಂದಿನ ಪ್ರಸಿದ್ಧ ಫಾರ್ಮುಲಾ ಒನ್ ಚಾಲಕ ಜಾರ್ಜ್ ರಸೆಲ್. 2018ರಲ್ಲಿ ಅರ್ಜುನ್ ಸಿಲ್ವರ್‌ಸ್ಟೋನಿನಲ್ಲಿ ಫಾರ್ಮುಲಾ 2 ಓಡುವಾಗ ಓಟ ಮುಗಿದ ಮೇಲೆ ಅವರದೇ ತಂಡದ ಇನ್ನೊಬ್ಬ ಚಾಲಕ ಬೇಕೆಂದೇ ಅವರ ಕಾರಿಗೆ ಗುದ್ದಿದ. ಆತನಿಗೆ ನಾಲ್ಕು ಓಟಗಳ ನಿಷೇಧ, ಭಾರೀ ದಂಡ ಬಿತ್ತು. ತಂಡವೂ ಅವನನ್ನು ಹೊರಹಾಕಿತು. ಕಣಕ್ಕೆ ಬೇಲಿ ಎಷ್ಟು ಮುಖ್ಯವೋ ಕಟ್ಟಳೆಯೂ ಅಷ್ಟೇ ಮುಖ್ಯ. ಅರ್ಜುನ್ ಅವರ ತಮ್ಮ ಕುಶ್ ಮೈನಿ 2018ರಲ್ಲಿ ಬ್ರಿಟಿಷ್ ಫಾರ್ಮುಲಾ 3 ಸರಣಿಯಲ್ಲಿ ಮೂರನೆಯವರಾದರು. 2025ರ ಮೇನಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ಓಟ ಗೆದ್ದರು. ಮೊನಾಕೊದಲ್ಲಿ ಗೆದ್ದ ಮೊದಲ ಭಾರತೀಯ ಅವರೇ. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಮೋಟಾರ್‌ಸೈಕಲ್ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಪ್ರಶಸ್ತಿ ಗೆದ್ದರು.

ನಮ್ಮಲ್ಲಿ ಕಣ ಎಲ್ಲಿ?

ಇಷ್ಟಾದರೂ ಕರ್ನಾಟಕದಲ್ಲಿ ರಾಷ್ಟ್ರೀಯ ಮಟ್ಟದ ಕಾರು, ಬೈಕು ಓಟ ನಡೆಸಬಲ್ಲ ಶಾಶ್ವತ ಡಾಂಬರು ಕಣ ಒಂದೂ ಇಲ್ಲ. ಬೆಂಗಳೂರಿನಲ್ಲಿ ಚಿಕ್ಕ ಮಕ್ಕಳು ಕಲಿಯುವ ಗೋ ಕಾರ್ಟ್ ದಾರಿಗಳಿವೆ. ಅಲ್ಲಿಂದ ಮುಂದಿನ ಮೆಟ್ಟಿಲಿಗೆ ತಮಿಳುನಾಡಿಗೆ ಹೋಗಬೇಕು, ಅದರ ಮುಂದಿನದಕ್ಕೆ ಇಂಗ್ಲೆಂಡಿಗೆ. ಹಣವಿದ್ದವರ ಮಕ್ಕಳಿಗೆ ಮಾತ್ರ ಆ ಮೆಟ್ಟಿಲು ಎಟಕುತ್ತದೆ. ನಮ್ಮ ರಾಜ್ಯದ ಮೋಟಾರು ಕ್ರೀಡೆ ರ‍್ಯಾಲಿಯ ಕಡೆ ವಾಲಿರುವುದಕ್ಕೂ ಇದೇ ಕಾರಣವಿರಬಹುದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದೇಶದಲ್ಲೇ ಹೆಸರಾದದ್ದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ 2016, 2017ರಲ್ಲಿ ಏಷ್ಯಾ ಪೆಸಿಫಿಕ್ ಸರಣಿಯ ರ‍್ಯಾಲಿಯೇ ನಡೆಯಿತು. ರ‍್ಯಾಲಿಗೆ ಹೊಸ ಕಣ ಬೇಕಿಲ್ಲ, ಇರುವ ದಾರಿಯನ್ನು ಒಂದು ದಿನ ಮುಚ್ಚಿದರೆ ಸಾಕು.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. 2025ರಲ್ಲಿ ಕರ್ನಾಟಕ ಹೈಕೋರ್ಟ್ ವ್ಹೀಲಿ ಪಿಡುಗಿಗೆ ಇನ್ನೂ ಕಠಿಣ ನಿಯಮ ಬೇಕೆಂದು ಹೇಳಿತು. ಒಂದೇ ಗಾಲಿಯ ಮೇಲೆ ಬೈಕು ಓಡಿಸುವ ಹುಡುಗ ತಾನು ಸಾಯುವುದಲ್ಲದೆ, ಹೊಲದಿಂದ ಮನೆಗೆ ನಡೆದು ಬರುವವರನ್ನೂ ಕೊಲ್ಲಬಹುದು. ದಂಡ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಬ್ರಿಟನ್ ದಂಡವನ್ನೂ ಹಾಕಿತು, ಕಣವನ್ನೂ ಕೊಟ್ಟಿತು. ನಾವು ಇಲ್ಲಿಯವರೆಗೆ ಮೊದಲರ್ಧ ಮಾತ್ರ ಮಾಡಿದ್ದೇವೆ.

ಕಣವೆಂದ ಕೂಡಲೇ ನೂರಾರು ಕೋಟಿಯ ಮಾತು ಬರುತ್ತದೆ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ ಇದಕ್ಕೆ ಎಚ್ಚರಿಕೆಯ ಉದಾಹರಣೆ. 2011, 2012, 2013 ಹೀಗೆ ಮೂರೇ ವರ್ಷ ಅಲ್ಲಿ ಫಾರ್ಮುಲಾ ಒನ್ ನಡೆಯಿತು. ಮೂರನ್ನೂ ಸೆಬಾಸ್ಟಿಯನ್ ವೆಟಲ್ ಗೆದ್ದ. ಇದು ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆ ತಕರಾರಿನಲ್ಲಿ ಪಂದ್ಯ ನಿಂತುಹೋಯಿತು. ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ 2023ರ ಫೆಬ್ರುವರಿಯಲ್ಲಿ ನಡೆದ ವಿದ್ಯುತ್ ಕಾರುಗಳ ಓಟ ಮರುವರ್ಷ ರದ್ದಾಯಿತು. 2024ರಲ್ಲಿ ಚೆನ್ನೈ ನಗರದ ಬೀದಿಗಳನ್ನು ಮುಚ್ಚಿ ರಾತ್ರಿ ಓಟ ನಡೆಸಿದಾಗ ಜನ ಬಂದರು, ಖರ್ಚಿನ ಟೀಕೆಯೂ ಬಂತು.

ಸಿಲ್ವರ್‌ಸ್ಟೋನ್ ಶುರುವಾದದ್ದು ಹಾಗಲ್ಲ. ಬೇಡವಾಗಿ ಬಿದ್ದಿದ್ದ ಕಾಂಕ್ರೀಟು, ಕಡಿಮೆ ಅವಧಿಯ ಗುತ್ತಿಗೆ, ಹುಲ್ಲಿನ ಪಿಂಡಿ, ಮೂರು ತಿಂಗಳ ನೌಕರಿಗೆ ಬಂದ ಒಬ್ಬ ಮನುಷ್ಯ. ಗ್ರ್ಯಾಂಡ್‌ಸ್ಟ್ಯಾಂಡು, ಆಸ್ಪತ್ರೆ ಎಲ್ಲ ಆಮೇಲೆ ಬಂದವು. ನೀರಾವರಿಯ ಭತ್ತದ ಗದ್ದೆಯನ್ನು ಓಟಕ್ಕೆ ಬಿಟ್ಟುಕೊಡಿ ಎಂದು ಸಿಂಧನೂರಿನ ರೈತನನ್ನು ಯಾರೂ ಕೇಳಬಾರದು. ಕೇಳಬೇಕಾಗಿಯೂ ಇಲ್ಲ. ಬೆಳೆ ಬಾರದ, ಊರಿಂದ ದೂರದ, ಸದ್ದಿನಿಂದ ಯಾರ ನಿದ್ದೆಯೂ ಕೆಡದ ಒಂದು ತುಂಡು ನೆಲ. ಹೆಲ್ಮೆಟ್, ಆಂಬುಲೆನ್ಸ್, ಬಾವುಟ ಹಿಡಿದು ನಿಲ್ಲಲು ತರಬೇತಾದ ನಾಲ್ಕು ಜನ. ತಿಂಗಳಿಗೆ ಎರಡು ಭಾನುವಾರ. ಜಿಲ್ಲಾ ಕ್ರೀಡಾಂಗಣದ ಜೊತೆಗೆ ಇಂಥದೊಂದನ್ನೂ ಯುವಜನ ಸೇವಾ ಇಲಾಖೆ ಯೋಚಿಸಬಾರದೇಕೆ?

ಎತ್ತಿನ ಓಟ, ಕಂಬಳಗಳ ವಿಷಯದಲ್ಲಿ ರಾಜ್ಯ ಇಂಥ ವ್ಯವಸ್ಥೆ ಮಾಡಿದ ನಿದರ್ಶನ ಕಣ್ಣ ಮುಂದಿದೆ. 2017ರಲ್ಲಿ ತಿದ್ದುಪಡಿ ಕಾಯ್ದೆ ಬಂತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ಕಟ್ಟಳೆಗೆ ಒಳಪಟ್ಟು ಓಡಿಸಿ ಎಂದು ಸರ್ಕಾರ ಕೋಣಕ್ಕೂ ಎತ್ತಿಗೂ ಹೇಳಿದೆ. ಬೈಕು ಹಿಡಿದ ಹುಡುಗನಿಗೆ ಇನ್ನೂ ಹೇಳಬೇಕಾಗಿದೆ.